ದವಡೆಯಲ್ಲೊಂದು ಹುಸಿ ನಕ್ಷತ್ರ

ಸೋದರಮಾವನ ಸಿ.ಟಿ. ಫಿಲ್ಮನ್ನು ನಾನು ಮೊದಲು ನೋಡಿದ್ದು ಅವರ ಮನೆಯ ಜಗಲಿಯಲ್ಲಿ, ಬಿಸಿಲಿಗೆ ಹಿಡಿದು. ಅಡಿಕೆ ತೋಟದ ಮನುಷ್ಯ. ಎಲೆ, ಅಡಿಕೆ, ಹೊಗೆಸೊಪ್ಪು ಬಲದವಡೆಯ ಸಂದಿಯಲ್ಲಿ ನಲವತ್ತು ವರ್ಷ ಬಿಡಾರ ಹೂಡಿದ್ದವು. ಅಲ್ಲೇ ಎದ್ದ ಹುಣ್ಣೊಂದು ತಿಂಗಳುಗಟ್ಟಲೆ ಮಾಯದೆ, ಬಯಾಪ್ಸಿ ಆಗಿ, ಕೊನೆಗೆ ತಲೆ-ಕುತ್ತಿಗೆಯ ಸ್ಕ್ಯಾನ್ ಬರೆದುಕೊಟ್ಟಿದ್ದರು. ಫಿಲ್ಮಿನ ತುಂಬ ಚೌಕ ಚೌಕವಾಗಿ ತಲೆಯ ಹೋಳುಗಳು. ಮೇಲಿನ ಸಾಲಿನಲ್ಲಿ ಮಿದುಳು, ಕಣ್ಣುಗುಡ್ಡೆ, ಮೂಗಿನ ಪಕ್ಕದ ಪೊಳ್ಳುಗಳು ಗೆರೆ ಕೊರೆದಂತೆ ಸ್ಪಷ್ಟ. ಕೆಳಗಿನ ಸಾಲಿನಲ್ಲಿ ಗಂಟಲು, ಕೊರಳ ರಕ್ತನಾಳಗಳು, ಅವೂ ಸ್ಪಷ್ಟ. ನಡುವಿನ ಏಳೆಂಟು ಚೌಕಗಳಲ್ಲಿ ಮಾತ್ರ ದೀಪಾವಳಿಯ ನೆಲಚಕ್ರ ಹೊತ್ತಿಸಿದಂತಿತ್ತು. ಎರಡು ಬೆಳ್ಳನೆಯ ಚುಕ್ಕೆಗಳು, ಅವುಗಳಿಂದ ಸುತ್ತಲೂ ಚಿಮ್ಮಿದ ಬಿಳಿ ಗೆರೆಗಳು, ಗೆರೆಗಳ ನಡುವೆ ಮಸಿ ಬಳಿದಂಥ ಕಪ್ಪು ಪಟ್ಟಿಗಳು.

"ಇದೇಯೇನೋ ಗಡ್ಡೆ?" ಎಂದು ಮಾವ ಕೇಳಿದರು.

ಅಲ್ಲ. ಅದು ಅವರು ಕ್ಯಾಪ್ ಹಾಕಿಸಿಕೊಂಡಿದ್ದ ಎರಡು ದವಡೆಹಲ್ಲು. ಗಡ್ಡೆ ಇದ್ದದ್ದು ಆ ಗೆರೆಗಳ ಹಿಂದೆ ಎಲ್ಲೋ. ಹಲ್ಲಿನ ಲೋಹದಿಂದ ಆದ ಆರ್ಟಿಫ್ಯಾಕ್ಟ್ ಕಾರಣ ಬಲಗೆನ್ನೆ ಮತ್ತು ಕೆಳವಸಡಿನ ಸಂದಿಯನ್ನು ಸರಿಯಾಗಿ ಪರಿಶೀಲಿಸಲಾಗಿಲ್ಲ ಎಂದು ವರದಿಯ ಕೊನೆಯಲ್ಲೊಂದು ಸಾಲಿತ್ತು. ಸ್ಕ್ಯಾನ್ ಮಾಡಿಸಿದ್ದೇ ಆ ಸಂದಿಯನ್ನು ನೋಡುವುದಕ್ಕೆ!

ಆರ್ಟಿಫ್ಯಾಕ್ಟ್ ಎಂದರೆ ಚಿತ್ರದಲ್ಲಿ ಇದ್ದು ದೇಹದಲ್ಲಿ ಇಲ್ಲದ್ದು. ಕನ್ನಡದಲ್ಲಿ ಹುಸಿಗೆರೆ ಎಂದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಮಂಡಿಚಿಪ್ಪು, ಸೊಂಟದ ಕೀಲು, ಬೆನ್ನಿನ ಸ್ಕ್ರೂ, ಲೋಹ ಎಲ್ಲಿದ್ದರೂ ಸಿ.ಟಿ.ಯಲ್ಲಿ ಹುಸಿಗೆರೆ ಎಳೆಯುತ್ತದೆ. ಆದರೆ ಬಾಯಿಯ ಕಷ್ಟವೇ ಬೇರೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದು. ನಮ್ಮಲ್ಲಿ ಅದು ಹೆಚ್ಚಾಗಿ ಹುಟ್ಟುವುದು ಕೆನ್ನೆಯ ಒಳಮೈ ಮತ್ತು ಕೆಳವಸಡು ಕೂಡುವ ಕಡೆ, ಅಂದರೆ ತಂಬಾಕಿನ ಉಂಡೆಯನ್ನು ಒತ್ತರಿಸಿ ಇಟ್ಟುಕೊಳ್ಳುವ ಜಾಗದಲ್ಲಿ. ಹುಳುಕು ಹಿಡಿದು, ಬೆಳ್ಳಿ ತುಂಬಿಸಿಕೊಂಡು, ರೂಟ್ ಕೆನಾಲ್ ಆಗಿ, ಕ್ಯಾಪ್ ಹೊತ್ತು ಕೂತಿರುವ ಹಲ್ಲುಗಳೂ ಅದೇ ಕೇರಿಯವು. ರೋಗ ಮತ್ತು ಲೋಹ ಗೋಡೆ ಹಂಚಿಕೊಂಡ ಅಕ್ಕಪಕ್ಕದ ಮನೆಗಳು. ಒಂದು ಮನೆಯ ಗಲಾಟೆಯಲ್ಲಿ ಪಕ್ಕದ ಮನೆಯ ಮಾತು ಕೇಳಿಸುವುದಿಲ್ಲ.

ಬೆರಳುಗಾತ್ರವೂ ಇಲ್ಲದ ಲೋಹ ಇಡೀ ಚಿತ್ರವನ್ನು ಕೆಡಿಸುವುದು ಹೇಗೆ? ಅದಕ್ಕೆ ಸಿ.ಟಿ. ಯಂತ್ರ ಏನು ಮಾಡುತ್ತದೆ ಎಂದು ನೋಡಬೇಕು. ಯಂತ್ರ ದೇಹದ ಒಳಗನ್ನು ನೇರವಾಗಿ ನೋಡುವುದೇ ಇಲ್ಲ. ಸುತ್ತಲೂ ತಿರುಗುತ್ತ, ಒಂದೊಂದು ಕೋನದಿಂದ ಕ್ಷಕಿರಣ ಹಾಯಿಸಿ, ಆಚೆ ಬದಿಗೆ ಎಷ್ಟು ಬಂತು ಎಂದು ಅಳೆಯುತ್ತದೆ, ಅಷ್ಟೆ. ಒಂದು ಸುತ್ತಿಗೆ ಸಾವಿರದ ಆಸುಪಾಸು ನೆರಳುಗಳು. ಆ ನೆರಳುಗಳಿಂದ ಹಿಂದಕ್ಕೆ ಲೆಕ್ಕ ಹಾಕುತ್ತ, ಇಂಥ ನೆರಳು ಬೀಳಬೇಕಾದರೆ ಒಳಗೆ ಏನಿರಬೇಕು ಎಂದು ಗಣಿತದಿಂದ ಚಿತ್ರ ಕಟ್ಟುತ್ತದೆ. ಸಿ.ಟಿ. ಚಿತ್ರ ಫೋಟೊ ಅಲ್ಲ, ಒಂದು ಲೆಕ್ಕದ ಉತ್ತರ.

ಲಂಡನ್ನಿನ ವಿಂಬಲ್ಡನ್ ಬಳಿಯ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ 1971ರ ಅಕ್ಟೋಬರ್ 1ರಂದು ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರ ಮೊದಲ ರೋಗಿಯ ತಲೆಯನ್ನು ಹೀಗೆ ಲೆಕ್ಕ ಹಾಕಿ ತೋರಿಸಿತು. ಆ ಯಂತ್ರ ನೋಡುತ್ತಿದ್ದದ್ದು ಮಿದುಳನ್ನಷ್ಟೇ. ಹಲ್ಲಿನ ತಂಟೆ ಅದಕ್ಕಿರಲಿಲ್ಲ. ಅದೇ 1971ರಲ್ಲಿ, ಆಗಷ್ಟೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದ ಜಿ.ಎನ್. ರಾಮಚಂದ್ರನ್, ಎ.ವಿ. ಲಕ್ಷ್ಮೀನಾರಾಯಣನ್ ಅವರ ಜೊತೆ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಕೊಲಾಜೆನ್ ಪ್ರೋಟೀನಿನ ಮೂರೆಳೆಯ ಹುರಿಯನ್ನು ಬಿಡಿಸಿ ತೋರಿಸಿದ ಅದೇ ರಾಮಚಂದ್ರನ್. ನೆರಳುಗಳನ್ನು ಸುಮ್ಮನೆ ಬಂದ ದಾರಿಯಲ್ಲೇ ಹಿಂದಕ್ಕೆ ಬಳಿದರೆ ಸಿಗುವುದು ಮಂಜು ಮುಸುಕಿದ ಚಿತ್ರ. ಬಳಿಯುವ ಮುನ್ನ ಪ್ರತಿ ನೆರಳನ್ನೂ ಒಂದು ಸೋಸುಗದಲ್ಲಿ ಹಾಯಿಸಿದರೆ ಅಂಚುಗಳು ಚೂಪಾಗಿ, ಮಂಜು ಕರಗುತ್ತದೆ. ಆ ಕೆಲಸವನ್ನು ಸಲೀಸಾಗಿ, ಕಡಿಮೆ ಲೆಕ್ಕದಲ್ಲಿ ಮಾಡುವ ದಾರಿಯನ್ನು ಅವರು ತೋರಿಸಿದರು. ಇಂದಿಗೂ ಜಗತ್ತಿನ ಯಾವ ಮೂಲೆಯಲ್ಲಿ ಸಿ.ಟಿ. ಪಾಠ ಹೇಳಿದರೂ ಇಬ್ಬರ ಹೆಸರನ್ನೂ ಮೊಟಕು ಮಾಡಿ ಅದನ್ನು 'ರಾಮ್-ಲಾಕ್ ಫಿಲ್ಟರ್' ಎಂದೇ ಕರೆಯುತ್ತಾರೆ. ನಮ್ಮೂರಿನ ರಸ್ತೆಯೊಂದಕ್ಕೆ ಇಡಬಹುದಾದ ಹೆಸರು. ಇರಲಿ.

ಈ ಸೋಸುಗ ಅಂಚನ್ನು ಚೂಪು ಮಾಡುವಾಗ ಯಾವ ಅಂಚು ಎಂದು ಕೇಳುವುದಿಲ್ಲ. ಮೂಳೆಯ ಅಂಚಾದರೂ ಸರಿ, ಲೋಹದ ಅಂಚಾದರೂ ಸರಿ. ಒಂದು ಕೋನದಿಂದ ಬಳಿದ ಗೆರೆಯಲ್ಲಿ ಬೇಡದ್ದನ್ನು ಉಳಿದ ಕೋನಗಳ ಗೆರೆಗಳು ಅಳಿಸಿಹಾಕುತ್ತ ಹೋಗುವುದರಿಂದಲೇ ಕೊನೆಗೆ ಚಿತ್ರ ನಿಲ್ಲುತ್ತದೆ. ಎಲ್ಲ ಅಳತೆಗಳೂ ಒಂದಕ್ಕೊಂದು ತಾಳೆಯಾದರೆ ಮಾತ್ರ ಈ ಕೂಡು-ಕಳೆ ಸರಿಹೋಗುತ್ತದೆ. ಅಂಗಡಿಯ ಖಾತೆಯಲ್ಲಿ ನಾಲ್ಕು ಸಾಲು ಸುಳ್ಳಾದರೆ ಇಡೀ ತಿಂಗಳ ಲೆಕ್ಕ ಕೂಡದ ಹಾಗೆ, ಲೋಹದ ಮೂಲಕ ಹಾದ ಅಳತೆಗಳು ಸುಳ್ಳಾದಾಗ ಅಳಿಯಬೇಕಾದ ಗೆರೆಗಳು ಅಳಿಯದೆ ಚಿತ್ರದ ತುದಿಯಿಂದ ತುದಿಗೆ ಉಳಿದುಬಿಡುತ್ತವೆ. ಮಾವನ ದವಡೆಯಲ್ಲಿ ಸಿಡಿದ ನಕ್ಷತ್ರ ಅದು.

ಅಳತೆ ಸುಳ್ಳಾಗುವುದಕ್ಕೆ ಕಾರಣ ಒಂದಲ್ಲ. ಕ್ಷಕಿರಣ ಹುಟ್ಟಿಸುವ ಕೊಳವೆಗೆ 120 ಕಿಲೋವೋಲ್ಟ್ ಕೊಟ್ಟರೆ ಹೊರಬರುವ ಕಿರಣಗಳೆಲ್ಲ ಒಂದೇ ಬಲದವಲ್ಲ. ಅಕ್ಕಿಯಲ್ಲಿ ನುಚ್ಚು ಬೆರೆತಂತೆ ಬಲಹೀನ ಕಿರಣಗಳೂ ಬಲವಾದವೂ ಸೇರಿರುತ್ತವೆ. ಲೋಹ ಬಲಹೀನ ಕಿರಣಗಳನ್ನು ಮೊದಲು ನುಂಗುತ್ತದೆ, ಬಲವಾದವು ತೂರಿಕೊಂಡು ಹೋಗುತ್ತವೆ. ಹೀಗೆ ಗಟ್ಟಿಯಾಗಿ ಉಳಿದ ಕಿರಣ ಎರಡನೆಯ ಲೋಹವನ್ನು ಸುಲಭವಾಗಿ ದಾಟುತ್ತದೆ. ಲೆಕ್ಕಕ್ಕಿಂತ ಹೆಚ್ಚು ಕಿರಣ ಬಂತಲ್ಲ, ಹಾಗಾದರೆ ದಾರಿಯಲ್ಲಿ ತಡೆ ಕಡಿಮೆ ಇದ್ದಿರಬೇಕು ಎಂದು ಯಂತ್ರ ತಿಳಿಯುತ್ತದೆ. ಎರಡು ಕ್ಯಾಪ್‌ಗಳ ನಡುವೆ, ಎಡದವಡೆಯಿಂದ ಬಲದವಡೆಗೆ ನಾಲಗೆಯ ಮೇಲೆ ಹಾದು ಕಾಣುವ ಕಪ್ಪು ಪಟ್ಟಿ ಹುಟ್ಟುವುದು ಹೀಗೆ. ಇನ್ನು ಲೋಹ ದಪ್ಪವಾಗಿದ್ದರೆ ಆಚೆ ಬದಿಗೆ ಕಿರಣ ಬರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಬೆರಳೆಣಿಕೆಯಷ್ಟು ಬಂದಾಗ ಒಂದು ಹೆಚ್ಚಾದರೂ ಕಡಿಮೆಯಾದರೂ ಲೆಕ್ಕ ಹುಚ್ಚಾಪಟ್ಟೆ ಕುಣಿಯುತ್ತದೆ. ಎಂಜಿನಿಯರುಗಳು ಇದನ್ನು ಕಿರಣದ ಹಸಿವು ಎನ್ನುತ್ತಾರೆ, ಒಳ್ಳೆಯ ಮಾತು. ಇದರ ಮೇಲೆ ಚದುರಿದ ಕಿರಣಗಳು ದಾರಿ ತಪ್ಪಿ ಬಂದು ಬೀಳುವುದು, ರೋಗಿ ನಡುವೆ ಎಂಜಲು ನುಂಗಿ ನಾಲಗೆ ಅಲ್ಲಾಡಿಸುವುದು.

ಎಲ್ಲ ಲೋಹವೂ ಒಂದೇ ಸಮನೆ ಕಾಡುವುದಿಲ್ಲ. ಕಿರಣ ನುಂಗುವ ಶಕ್ತಿ ಹೆಚ್ಚುಕಡಿಮೆ ಪರಮಾಣು ಸಂಖ್ಯೆಯ ಘನದಂತೆ ಏರುತ್ತದೆ. ಸಂಖ್ಯೆ ಇಮ್ಮಡಿಯಾದರೆ ನುಂಗುವಿಕೆ ಎಂಟು ಪಟ್ಟಿನ ಹತ್ತಿರ. ಹಲ್ಲು, ಮೂಳೆಯ ಕ್ಯಾಲ್ಸಿಯಂ 20. ಇಂಪ್ಲಾಂಟ್ ಸ್ಕ್ರೂಗಳ ಟೈಟಾನಿಯಂ 22, ಹಾಗಾಗಿ ಅದು ಸಾಧು ಪ್ರಾಣಿ. ಪಿಂಗಾಣಿ ಕ್ಯಾಪ್‌ಗಳ ಒಳಗಿರುವ ಕ್ರೋಮಿಯಂ, ಕೋಬಾಲ್ಟ್, ನಿಕ್ಕಲ್‌ಗಳು 24ರಿಂದ 28. 'ಬೆಳ್ಳಿ ತುಂಬಿಸುವುದು' ಎಂದು ನಾವು ಹೇಳುವ ಅಮಾಲ್ಗಮ್‌ನಲ್ಲಿ ಸುಮಾರು ಅರ್ಧದಷ್ಟು ಇರುವುದು ಪಾದರಸ, 80. ಚಿನ್ನ 79. ಅಜ್ಜಂದಿರ ಕಾಲದ ಚಿನ್ನದ ಹಲ್ಲು ಸ್ಕ್ಯಾನಿನ ಮಟ್ಟಿಗೆ ದೊಡ್ಡ ರಾಕ್ಷಸ. ಅಚ್ಚರಿ ಏನೆಂದರೆ, ಲೋಹವೇ ಇಲ್ಲದ ಕ್ಯಾಪ್ ಎಂದು ಈಗ ದುಬಾರಿಗೆ ಮಾರುವ ಜಿರ್ಕೋನಿಯಾ ಕೂಡ ಒಳ್ಳೆಯ ಗೆರೆಗಳನ್ನೇ ಎಳೆಯುತ್ತದೆ. ಹೆಸರಿಗೆ ಸೆರಾಮಿಕ್, ಆದರೆ ಒಳಗಿರುವ ಜಿರ್ಕೋನಿಯಂನ ಸಂಖ್ಯೆ 40. ನನಗಿರುವುದು ಬಿಳಿ ಕ್ಯಾಪ್, ಲೋಹ ಅಲ್ಲ ಎಂದು ಟೆಕ್ನಿಷಿಯನ್‌ಗೆ ಹೇಳಿ ನಿಶ್ಚಿಂತೆಯಿಂದ ಮಲಗುವವರು ಇದನ್ನು ಗಮನಿಸಬೇಕು. ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ ಅಮಾಲ್ಗಮ್ ತುಂಬುವುದನ್ನು ನಿಲ್ಲಿಸಿದೆ, ಪರಿಸರಕ್ಕೆ ಸೇರುವ ಪಾದರಸದ ಭಯಕ್ಕೆ. ಆದರೂ ಈಗಾಗಲೇ ಬಾಯಲ್ಲಿರುವ ಬೆಳ್ಳಿ ಇನ್ನೂ ದಶಕಗಳ ಕಾಲ ಸ್ಕ್ಯಾನ್ ಕೋಣೆಗೆ ಬರುತ್ತಲೇ ಇರುತ್ತದೆ.

ಇದಕ್ಕೆ ಮದ್ದೇನು? ಸಾಫ್ಟ್‌ವೇರ್‌ನಿಂದ ಶುರು ಮಾಡುವುದು ಈಗಿನ ರೂಢಿ. ನಾನು ದುಡ್ಡಿಲ್ಲದ ಮದ್ದಿನಿಂದ ಶುರು ಮಾಡುತ್ತೇನೆ, ಏಕೆಂದರೆ ಮರೆತುಹೋಗುವುದು ಅದೇ. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಮೂಗುತಿ, ಓಲೆ, ಸರ ತೆಗೆಸುತ್ತಾರೆ. ತೆಗೆಯಬರುವ ಹಲ್ಲುಸೆಟ್ಟನ್ನು ಕೇಳುವುದು ಎಷ್ಟೋ ಸಲ ಬಿಟ್ಟುಹೋಗುತ್ತದೆ, ಹೇಳುವುದಕ್ಕೆ ರೋಗಿಗೂ ಸಂಕೋಚ. ಅದರ ಕೊಂಡಿಗಳು ಲೋಹದವು. ಇನ್ನು ಕಿತ್ತಿಡಲಾಗದ ಕ್ಯಾಪ್ ಇದ್ದರೆ ಗದ್ದದ ಓರೆಯನ್ನು ಬದಲಿಸಬಹುದು, ಅಥವಾ ಯಂತ್ರದ ಚಕ್ರವನ್ನೇ ವಾಲಿಸಿ ಬೇರೆ ಕೋನದಲ್ಲಿ ಎರಡನೆಯ ಸುತ್ತು ತೆಗೆಯಬಹುದು. ಲೋಹ ಇದ್ದಲ್ಲೇ ಇರುತ್ತದೆ, ಆದರೆ ಗೆರೆಗಳು ಬೇರೆ ಕಡೆಗೆ ಹೋಗುತ್ತವೆ. ಮೊದಲ ಸುತ್ತಿನಲ್ಲಿ ಮುಚ್ಚಿದ್ದು ಎರಡನೆಯದರಲ್ಲಿ ತೆರೆದುಕೊಳ್ಳುತ್ತದೆ. ಬಾಯಿ ತೆರೆಸಿ, ನಡುವೆ ಏನಾದರೂ ಕಚ್ಚಿಸಿ ಸ್ಕ್ಯಾನ್ ಮಾಡಿದರೆ ಮೇಲಿನ ಹಲ್ಲಿನ ಲೋಹ ಕೆಳಗಿನ ಹಲ್ಲಿನ ಲೋಹದಿಂದ ದೂರವಾಗುತ್ತದೆ, ನಾಲಗೆ ಗೆರೆಗಳಿಂದ ಜಾರಿಕೊಳ್ಳುತ್ತದೆ.

ನಮ್ಮ ಬಾಯಿ ಕ್ಯಾನ್ಸರಿಗೆ ಹೇಳಿಮಾಡಿಸಿದ ಇನ್ನೊಂದು ಉಪಾಯ ಕೆನ್ನೆ ಊದಿಸುವುದು. ತುಟಿ ಬಿಗಿಮುಚ್ಚಿ, ಬಲೂನ್ ಊದುವವರ ಹಾಗೆ ಕೆನ್ನೆ ಉಬ್ಬಿಸಿ ಸ್ಕ್ಯಾನ್ ಮುಗಿಯುವ ತನಕ ಹಿಡಿದಿರಬೇಕು. ಹುಸಿಗೆರೆ ಇದರಿಂದ ಹೋಗುವುದಿಲ್ಲ. ಆದರೆ ಒಂದಕ್ಕೊಂದು ಅಂಟಿಕೊಂಡ ಕೆನ್ನೆ ಮತ್ತು ವಸಡಿನ ನಡುವೆ ಗಾಳಿ ನುಗ್ಗಿ, ಗಡ್ಡೆ ಕೆನ್ನೆಯದೋ ವಸಡಿನದೋ ಎನ್ನುವುದು ಬೇರ್ಪಡುತ್ತದೆ. ಕೆನ್ನೆ ಲೋಹದಿಂದ ಒಂದಿಷ್ಟು ದೂರವೂ ಸರಿಯುತ್ತದೆ. ಯಾವ ಕಂಪನಿಯೂ ಇದಕ್ಕೆ ಪೇಟೆಂಟ್ ಪಡೆದಿಲ್ಲ. ತೊಡಕಿರುವುದು ರೋಗಿಯ ಬಾಯಲ್ಲೇ. ಅಡಿಕೆ ಜಗಿದು ಜಗಿದು ಬಾಯಿಯ ಒಳಚರ್ಮ ಹಗ್ಗದಂತೆ ಬಿಗಿದುಕೊಂಡವರಿಗೆ ಬಾಯಿ ಎರಡು ಬೆರಳಿನಷ್ಟೂ ತೆರೆಯದು, ಕೆನ್ನೆಯೂ ಉಬ್ಬದು. ರೋಗಕ್ಕೆ ದಾರಿ ಮಾಡಿಕೊಟ್ಟ ಅಡಿಕೆಯೇ ರೋಗವನ್ನು ನೋಡುವ ದಾರಿಗೂ ಅಡ್ಡ ಬರುತ್ತದೆ. ಅಡಿಕೆಯ ನಾಡಿನವನಾಗಿ ಇದನ್ನು ಬರೆಯುವಾಗ ನನಗೆ ಕಸಿವಿಸಿ ಆಗುವುದು ನಿಜ.

ಇನ್ನು ಲೆಕ್ಕದ ಕಡೆಯ ಮದ್ದು. ಎಲ್ಲ ಕೋನಗಳ ನೆರಳುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಸೈನೋಗ್ರಾಮ್ ಎಂಬ ಹಾಳೆ ಸಿಗುತ್ತದೆ. ಅದರಲ್ಲಿ ತಲೆಯ ಪ್ರತಿ ಚುಕ್ಕೆಯೂ ಅಲೆಯಾಕಾರದ ಒಂದು ಎಳೆ. ಹಲ್ಲಿನ ಲೋಹ ದಪ್ಪನೆಯ ಬಿಳಿ ಎಳೆಯಾಗಿ ಎದ್ದು ಕಾಣುತ್ತದೆ. ವಿಲಿ ಕಾಲೆಂಡರ್ ಮತ್ತು ಸಂಗಡಿಗರು 1987ರಲ್ಲಿ ಮಾಡಿದ್ದು ರಫೂಗಾರನ ಕೆಲಸ: ಸುಳ್ಳು ಹೇಳುವ ಆ ಎಳೆಯನ್ನು ಕತ್ತರಿಸಿ ತೆಗೆದು, ಎರಡೂ ಅಂಚಿನ ಬೆಲೆಗಳ ನಡುವೆ ನೇರ ನೂಲು ಎಳೆದು ತೂತು ಮುಚ್ಚಿದರು. ಮತ್ತೆ ಚಿತ್ರ ಕಟ್ಟಿದರೆ ನಕ್ಷತ್ರ ಮಾಯ. ಆದರೆ ಬುಟ್ಟಾ ಸೀರೆಗೆ ಬಿಳಿನೂಲಲ್ಲಿ ರಫು ಹಾಕಿದರೆ ಏನಾಗುತ್ತದೆ? ತೂತು ಮುಚ್ಚುತ್ತದೆ, ಬುಟ್ಟಾ ಹೋಗುತ್ತದೆ. ಲೋಹದ ಪಕ್ಕದ ಹಲ್ಲು, ದವಡೆಮೂಳೆಯ ತೆಳು ಅಂಚು ಮಸುಕಾಗಿ, ಹಳೆಯ ಗೆರೆಗಳ ಜಾಗಕ್ಕೆ ಹೊಸ ಗೆರೆಗಳು ಬಂದವು.

ಜರ್ಮನಿಯ ಎರ್ಲಾಂಗನ್‌ನಲ್ಲಿ ಎಸ್ತರ್ ಮೇಯರ್ ಮತ್ತು ಸಂಗಡಿಗರು 2010ರಲ್ಲಿ ಇದಕ್ಕೆ ಚಂದದ ತಿದ್ದುಪಡಿ ಕಂಡುಕೊಂಡರು. ಮೊದಲು ಇದು ಗಾಳಿ, ಇದು ಮಾಂಸ, ಇದು ಮೂಳೆ ಎಂದು ಒಂದು ಒರಟು ಚಿತ್ರ ಮಾಡಿಕೊಳ್ಳುವುದು. ಆ ಚಿತ್ರದ ನೆರಳುಗಳಿಂದ ನಿಜವಾದ ನೆರಳುಗಳನ್ನು ಭಾಗಿಸಿದರೆ ಬುಟ್ಟಾಗಳೆಲ್ಲ ಕರಗಿ ಬಟ್ಟೆ ಸಪಾಟಾಗುತ್ತದೆ. ಸಪಾಟಾದ ಬಟ್ಟೆಗೆ ರಫು ಹಾಕುವುದು ಸುಲಭ. ಹಾಕಿದ ಮೇಲೆ ಅದೇ ಒರಟು ಚಿತ್ರದ ನೆರಳಿನಿಂದ ಗುಣಿಸಿ ಬುಟ್ಟಾಗಳನ್ನು ಮರಳಿ ತರುವುದು. ಈಗ ದೊಡ್ಡ ಸಿ.ಟಿ. ಕಂಪನಿಗಳೆಲ್ಲ ತಮ್ಮ ತಮ್ಮ ಹೆಸರಿನ ಲೋಹ-ತಿದ್ದುಪಡಿ ತಂತ್ರಾಂಶ ಮಾರುತ್ತವೆ: ಐಮಾರ್, ಓಮಾರ್, ಸ್ಮಾರ್ಟ್‌ಮಾರ್, ಸೆಮಾರ್. ಹೆಸರು ಕೇಳಿದರೆ ಒಂದೇ ತಾಯಿಯ ಮಕ್ಕಳಂತಿವೆ. ಒಳಗಿನ ಲೆಕ್ಕ ಬೇರೆ ಬೇರೆಯಾದರೂ ಸುಳ್ಳು ಅಳತೆಯನ್ನು ಗುರುತಿಸಿ ಬದಲಿಸುವ ಹಂಬಲ ಒಂದೇ.

ಕಿರಣವನ್ನೇ ಬದಲಿಸುವುದು ಮತ್ತೊಂದು ದಾರಿ. ಎರಡು ಬೇರೆ ಬಲದ ಕಿರಣಗಳಿಂದ ಒಟ್ಟಿಗೆ ಸ್ಕ್ಯಾನ್ ಮಾಡುವ ಯಂತ್ರಗಳಿವೆ. ಎರಡೂ ಅಳತೆಗಳನ್ನು ಬೆರೆಸಿ, ಎಲ್ಲ ಕಿರಣವೂ ಒಂದೇ ಬಲದ್ದಾಗಿದ್ದರೆ ಚಿತ್ರ ಹೇಗಿರುತ್ತಿತ್ತು ಎಂದು ಅವು ಲೆಕ್ಕ ಹಾಕಿ ಕೊಡುತ್ತವೆ. ಬಲ ಏರಿಸುತ್ತ ಹೋದಂತೆ ಕಪ್ಪು ಪಟ್ಟಿಗಳು ಕರಗುತ್ತವೆ. ಬೆಲೆ ತೆರಬೇಕಾದದ್ದು ಇನ್ನೊಂದು ಕಡೆ: ಗಡ್ಡೆ ಹೊಳೆದು ಕಾಣಲೆಂದು ರಕ್ತನಾಳಕ್ಕೆ ಕೊಟ್ಟ ಅಯೊಡಿನ್ ಮದ್ದು ಹೊಳೆಯುವುದು ಕಡಿಮೆ ಬಲದ ಕಿರಣದಲ್ಲಿ. ಗೆರೆ ಹೋಗುವಷ್ಟು ಬಲ ಏರಿಸಿದರೆ ಗಡ್ಡೆಯ ಹೊಳಪೂ ಇಳಿಯುತ್ತದೆ. ಆದ್ದರಿಂದ ರೇಡಿಯಾಲಜಿಸ್ಟ್ ಎರಡೂ ಚಿತ್ರಗಳ ನಡುವೆ ಹಿಂದೆ ಮುಂದೆ ಓಡಾಡುತ್ತಾರೆ. ಇನ್ನು ಒಂದೊಂದು ಫೋಟಾನನ್ನೂ ಬಿಡಿಬಿಡಿಯಾಗಿ ಎಣಿಸುವ ಹೊಸ ಯಂತ್ರಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2021ರಲ್ಲಿ. ಆಸೆ ಹುಟ್ಟಿಸುವ ಯಂತ್ರವೇ ಸರಿ. ಆದರೆ ಬಾರದೇ ಇರುವ ಫೋಟಾನನ್ನು ಅದಾದರೂ ಹೇಗೆ ಎಣಿಸೀತು?

ನನ್ನ ತಕರಾರು ಇರುವುದು ಇಲ್ಲೇ. ಲೋಹ ನುಂಗಿದ ಮಾಹಿತಿ ನುಂಗಿದ್ದೇ. ತಂತ್ರಾಂಶ ಮಾಡುವುದು ಅಕ್ಕಪಕ್ಕ ನೋಡಿಕೊಂಡ ಊಹೆ, ಒಳ್ಳೆಯ ಊಹೆ. ಈಗ ಬರುತ್ತಿರುವ ಕೃತಕ ಬುದ್ಧಿಮತ್ತೆಯ ವಿಧಾನಗಳು ಊಹೆಯಲ್ಲಿ ಇನ್ನೂ ಚುರುಕು. ಅವುಗಳಿಗೆ ಕಲಿಸಬೇಕಾದರೆ ಒಂದೇ ಬಾಯಿಯ ಲೋಹವಿರುವ ಚಿತ್ರ, ಲೋಹವಿಲ್ಲದ ಚಿತ್ರ ಎರಡೂ ಬೇಕು. ಬದುಕಿರುವವರ ಕ್ಯಾಪ್ ಕಿತ್ತು ಎರಡು ಸಲ ಸ್ಕ್ಯಾನ್ ಮಾಡುವಂತಿಲ್ಲವಲ್ಲ! ಹಾಗಾಗಿ ಬಹುಪಾಲು ಕಲಿಕೆ ಕಂಪ್ಯೂಟರಿನಲ್ಲೇ ಹುಟ್ಟಿಸಿದ ಲೋಹದ ಮೇಲೆ ನಡೆಯುತ್ತದೆ. ಹಾಗೆ ಕಲಿತದ್ದು ತೂತಿದ್ದ ಕಡೆ ಸಾಮಾನ್ಯವಾಗಿ ಬಾಯಿ ಹೇಗಿರುತ್ತದೋ ಹಾಗೆ ಬರೆದು ಕೊಡಬಹುದು. ರೋಗಿಯ ಬಾಯಿ ಸಾಮಾನ್ಯವಾಗಿಲ್ಲ ಎಂಬ ಕಾರಣಕ್ಕೇ ಅಲ್ಲವೇ ಅವರು ಬಂದಿರುವುದು? ಆದ್ದರಿಂದ ತಿದ್ದಿದ ಚಿತ್ರವನ್ನು ಮೂಲ ಚಿತ್ರದ ಪಕ್ಕದಲ್ಲಿಟ್ಟೇ ಓದಬೇಕು. ತಿದ್ದಿದ್ದರಲ್ಲಿ ದವಡೆಮೂಳೆ ಕರಗಿದಂತೆ ಕಂಡರೆ ಅದು ರೋಗವೋ ರಫುವೋ ಎಂದು ಮೂಲವೇ ಹೇಳಬೇಕು. ಅನುಭವಿ ರೇಡಿಯಾಲಜಿಸ್ಟರು ಮಾಡುವುದೂ ಇದನ್ನೇ. ನುಣುಪಾದ ಚಿತ್ರವೊಂದನ್ನೇ ಕಳಿಸಿ ಕೈ ತೊಳೆದುಕೊಳ್ಳುವ ಸ್ಕ್ಯಾನ್ ಸೆಂಟರಿಗಿಂತ, ಗೆರೆ ತುಂಬಿದ ಚಿತ್ರ ಕೊಟ್ಟು ಇಲ್ಲಿ ಕಾಣಿಸುತ್ತಿಲ್ಲ ಎಂದು ಬರೆಯುವ ಸೆಂಟರನ್ನು ನಾನು ಹೆಚ್ಚು ನಂಬುತ್ತೇನೆ.

ಹುಸಿಗೆರೆಯ ಹಾನಿ ವರದಿಗೇ ಮುಗಿಯುವುದಿಲ್ಲ. ವಿಕಿರಣ ಚಿಕಿತ್ಸೆಗೆ ನಕ್ಷೆ ಹಾಕುವುದೂ ಸಿ.ಟಿ. ಮೇಲೆಯೇ. ಚಿತ್ರದ ಪ್ರತಿ ಚುಕ್ಕೆಗೂ ಹೌನ್ಸ್‌ಫೀಲ್ಡ್ ಹೆಸರಿನ ಒಂದು ಅಂಕೆ ಇರುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಆ ಅಂಕೆಯಿಂದಲೇ ಕಿರಣ ಎಷ್ಟು ಆಳಕ್ಕೆ ಹೋದೀತು ಎಂದು ಲೆಕ್ಕ. ಕಪ್ಪು ಪಟ್ಟಿ ಬಿದ್ದ ನಾಲಗೆಯನ್ನು ಗಣಕ ಗಾಳಿಯ ಹತ್ತಿರದ್ದೆಂದು ತಿಳಿದರೆ, ಬಿಳಿ ಗೆರೆ ಬಿದ್ದ ಕೆನ್ನೆಯನ್ನು ಮೂಳೆಯೆಂದು ತಿಳಿದರೆ ಲೆಕ್ಕ ದಾರಿ ತಪ್ಪುತ್ತದೆ. ನಿರ್ದಿಷ್ಟ ಆಳದಲ್ಲಿ ನಿಲ್ಲುವ ಪ್ರೋಟಾನ್ ಕಿರಣಕ್ಕಂತೂ ಈ ತಪ್ಪು ತೀರ ದುಬಾರಿ. ಇದಕ್ಕೆಂದೇ ಆಸ್ಪತ್ರೆಯ ಭೌತವಿಜ್ಞಾನಿಗಳು ಪರದೆಯ ಮುಂದೆ ಕೂತು, ಹೋಳು ಹೋಳಾಗಿ ಹುಸಿಗೆರೆಗಳ ಸುತ್ತ ಗೆರೆ ಎಳೆದು, ಅಲ್ಲಿನ ಅಂಕೆ ಅಳಿಸಿ ಮಾಂಸದ ಅಂಕೆ ತುಂಬುತ್ತಾರೆ. ರೋಗಿಗೆ ಇದು ಗೊತ್ತೇ ಆಗುವುದಿಲ್ಲ. ಚಿಕಿತ್ಸೆ ನಡೆಯುವಾಗಲೂ ಲೋಹ ಸುಮ್ಮನಿರದು. ಅದಕ್ಕೆ ಬಡಿದು ಹಿಂದಕ್ಕೆ ಚಿಮ್ಮುವ ಎಲೆಕ್ಟ್ರಾನುಗಳು ಕೆನ್ನೆಯ ಒಳಮೈಯನ್ನು ಸುಡಬಹುದು. ಅವು ಹೋಗುವುದು ಕೆಲವೇ ಮಿಲಿಮೀಟರ್, ಹಾಗಾಗಿ ಹಲ್ಲಿಗೆ ತೊಡಿಸುವ ದಪ್ಪನೆಯ ಕವಚವೊಂದು ಸಾಕು ತಡೆಯುವುದಕ್ಕೆ.

ಹಾಗೆಂದು ಹಲ್ಲಿಗೆ ಕ್ಯಾಪ್ ಹಾಕಿಸಲೇಬಾರದು, ಸ್ಕ್ಯಾನಿಗೆ ಮುಂಚೆ ಕೀಳಿಸಿಬಿಡಬೇಕು ಎಂದು ಯಾರೂ ತೀರ್ಮಾನಿಸಬಾರದು. ಕೀಳಬೇಕೋ ಬೇಡವೋ ಎನ್ನುವುದು ಚಿಕಿತ್ಸೆ ಮಾಡುವ ವೈದ್ಯರ ಮಾತು. ಎಂ.ಆರ್.ಐ. ಮಾಡಿಸಿದರಾಯಿತಲ್ಲ ಎನ್ನುವವರಿಗೂ ಒಂದು ಮಾತು: ಅಲ್ಲಿ ಆಟದ ನಿಯಮ ಬೇರೆ. ಸಿ.ಟಿ.ಯಲ್ಲಿ ರಾಕ್ಷಸರಾದ ಚಿನ್ನ, ಅಮಾಲ್ಗಮ್ ಅಲ್ಲಿ ಹೆಚ್ಚು ತೊಂದರೆ ಕೊಡುವುದಿಲ್ಲ. ಹಲ್ಲು ನೇರ ಮಾಡಲು ಹಾಕಿದ ಸ್ಟೀಲ್ ಕ್ಲಿಪ್ಪುಗಳು ಅಲ್ಲಿ ಅರ್ಧ ಮುಖವನ್ನೇ ನುಂಗಿಹಾಕುತ್ತವೆ. ಬಾಯಲ್ಲಿ ಯಾವುದಿದೆ ಎಂದು ಗೊತ್ತಿದ್ದರೆ ಯಾವ ಸ್ಕ್ಯಾನ್ ಎಂದು ಆರಿಸುವುದಕ್ಕೂ ಅನುಕೂಲ.

ಮಾವನಿಗೆ ಎರಡನೆಯ ಸಲ ಬೇರೆ ಕಡೆ ಸ್ಕ್ಯಾನ್ ಆಯಿತು. ಅವರ ಬಾಯಿ ಎರಡು ಬೆರಳಿನಷ್ಟು ತೆರೆಯುತ್ತಿತ್ತು. ಟೆಕ್ನಿಷಿಯನ್ ಹುಡುಗಿ ಹೊರಗಿನ ಬೆಂಚಿನಲ್ಲೇ ಕೂರಿಸಿ, ಕೆನ್ನೆ ಊದಿ ತೋರಿಸಿ, ಇವರ ಕೈಲಿ ನಾಲ್ಕು ಸಲ ಅಭ್ಯಾಸ ಮಾಡಿಸಿದಳು. ಮಾವ ಊದಿದ್ದು ಅಷ್ಟಕ್ಕಷ್ಟೇ, ಆದರೂ ಸಂದಿಗೆ ಎಳೆಯಷ್ಟು ಗಾಳಿ ಹೋಯಿತು. ಗದ್ದ ಎತ್ತಿಸಿ ಒಂದು ಸುತ್ತು, ಇಳಿಸಿ ಒಂದು ಸುತ್ತು, ಮೇಲೆ ಲೋಹದ ತಿದ್ದುಪಡಿ. ಗಡ್ಡೆ ಮೂಳೆಯನ್ನು ಮುಟ್ಟಿದೆ, ಒಳಗೆ ಇಳಿದಿಲ್ಲ ಎನ್ನುವುದು ಎರಡೂ ಸುತ್ತಿನ ಚಿತ್ರಗಳಲ್ಲಿ ತಾಳೆಯಾಯಿತು. ಸರ್ಜನ್ ದವಡೆಯ ಮೇಲಂಚನ್ನಷ್ಟೇ ತೆಗೆದು ಉಳಿದದ್ದನ್ನು ಉಳಿಸಿದರು. ಮೂಳೆಯೊಳಗೆ ಇಳಿದಿದ್ದರೆ ದವಡೆಯ ತುಂಡನ್ನೇ ತೆಗೆದು, ಕಾಲಿನ ಮೂಳೆ ತಂದು ಕೂರಿಸುವ ಮಾತು ಬರುತ್ತಿತ್ತು.

ತಲೆ-ಕುತ್ತಿಗೆಯ ಸ್ಕ್ಯಾನಿಗೆ ಹೋಗುವವರು ಬಾಯಲ್ಲಿರುವ ಬೆಳ್ಳಿ, ಕ್ಯಾಪ್, ಸ್ಕ್ರೂ, ತಂತಿ, ಸೆಟ್ಟು ಎಲ್ಲವನ್ನೂ ಮಲಗುವ ಮುನ್ನವೇ ಹೇಳಿ. ವರದಿಯಲ್ಲಿ ಆರ್ಟಿಫ್ಯಾಕ್ಟ್ ಎಂಬ ಪದ ಕಂಡರೆ, ಮುಚ್ಚಿಹೋದದ್ದು ನಿಮ್ಮ ವೈದ್ಯರು ನೋಡಬೇಕೆಂದ ಜಾಗವೇ ಎಂದು ಕೇಳಿ, ಲೋಹದ ತಿದ್ದುಪಡಿ ಮಾಡಿಕೊಡಲು ಆಗುತ್ತದೆಯೇ ಎಂದೂ ಕೇಳಿ. ಬಹುಪಾಲು ವಿಧಾನಗಳಿಗೆ ಬೇಕಾಗುವ ಮೂಲ ಅಳತೆಗಳು ನಿಮಗೆ ಕೊಡುವ ಫಿಲ್ಮಿನಲ್ಲೂ ಇರುವುದಿಲ್ಲ, ಸಿ.ಡಿ.ಯಲ್ಲೂ ಇರುವುದಿಲ್ಲ. ಅವು ಸ್ಕ್ಯಾನ್ ಯಂತ್ರದ ಹೊಟ್ಟೆಯಲ್ಲಿ ಕೆಲವು ದಿನ ಮಾತ್ರ ಇದ್ದು, ಮುಂದಿನ ರೋಗಿಗಳಿಗೆ ಜಾಗ ಬೇಕಾದಾಗ ಅಳಿಸಿಹೋಗುತ್ತವೆ. ಕೇಳುವುದಿದ್ದರೆ ವರದಿ ಕೈಗೆ ಬಂದ ದಿನವೇ ಕೇಳಿ.